ಆಯಿಯ ಪುಡಿ ಡಬ್ಬಿಯ ಮೇಲೆ ನಾನು ಹೊರಿಸಿದ ಆಪಾದನೆ

ಇವತ್ತು ಬೆಳಿಗ್ಗೆ ವಾಡಿ ಜಂಕ್ಷನ್ನಿನ ಮೇಲ್ಸೇತುವೆಯನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ, ಆ ಕಡೆ ಇಳಿದೆ. ಹಿಂದೆ ಬರುತ್ತಿದ್ದವರೊಬ್ಬರು ‘ಜಲ್ದಿ ನಡೀರಿ ಅಕ್ಕೋರ, ಗಾಡಿ ಬಿಡತದ’ ಎಂದು ಗೊಣಗಿದರು. ನನಗೆ ಹಾರ ಹಾಕಿದಷ್ಟು ಸಂತೋಷವಾಯಿತು. ಒಂದೂವರೆ ವರ್ಷದ ಹಿಂದೆ ನನಗೆ ಬೇಗ ನಡೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಡಗಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಅಪ್ಪನನ್ನು ಕಾರಿಡಾರಿಗೆ ಕರೆದು ಮಾತಾಡುತ್ತಿದ್ದ ಕಾಲ ಅದು.

ಹಾಗೆ ಮಲಗಿರುವವರಿಗಾಗಿ, ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಟೂಲಿನ ಮೇಲಿನವರಿಗೇ ಸ್ವಲ್ಪ ಹೆಚ್ಚು. ಯಾಕೆಂದರೆ ನನ್ನ ಪ್ರಕರಣದಲ್ಲಿ ರೋಗ ಬಂದದ್ದು ನನಗೆ, ಶಿಕ್ಷೆಯಾದದ್ದು ನಮ್ಮ ಆಯಿಗೆ. ತೀರ್ಪು ಕೊಟ್ಟವಳು ನಾನೇ.

ನಾನು ಶಹಾಬಾದಿನವಳು. ಸೇಡಂನ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವುದು ಸಂಬಳವಿಲ್ಲದ ಇನ್ನೊಂದು ಕೆಲಸ. ಎಂಟನೆಯ ತರಗತಿಯಿಂದ ವೇದಿಕೆ ಹತ್ತಿದವಳು. ದೇವರು, ದೆವ್ವ, ಶಕುನ, ಜಾತಕ ಎಲ್ಲದರ ಮೇಲೂ ನನ್ನ ಬಳಿ ಮೂರು ಮೂರು ವಾದಗಳು ಸಿದ್ಧವಿರುತ್ತವೆ. ಅವುಗಳಿಗೆ ಮನೆಯಲ್ಲಿ ಸಿಗುತ್ತಿದ್ದ ಖಾಯಂ ಎದುರಾಳಿ ಅಪ್ಪನ ತಾಯಿ, ನಮ್ಮ ಆಯಿ.

ಆಯಿ ಐವತ್ತು ವರ್ಷಗಳಿಂದ ನಮ್ಮ ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ನೀರೆರೆಯುತ್ತ ಬಂದವಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬಿಸಿನೀರು ಸುರಿದಳೆಂದರೆ ಎಂಥ ರಗಳೆಯ ಕೂಸೂ ಹತ್ತು ನಿಮಿಷದಲ್ಲಿ ನಿದ್ದೆಗೆ ಜಾರುತ್ತದೆ. ನಾನು ಮಲಗಿದ್ದೂ ಆ ಕಾಲುಗಳ ಮೇಲೆಯೇ. ಸ್ನಾನ ಮುಗಿದ ಮೇಲೆ ಹೊಕ್ಕಳಿಗೆ ಹಚ್ಚಲು ಅವಳ ಹತ್ತಿರ ಒಂದು ಪುಡಿ: ಬಜೆ ಬೇರು ಸುಟ್ಟು, ಕುಟ್ಟಿ, ಅರಿಶಿಣ ಬೆರೆಸಿ, ಹಳೆ ಸೀರೆಯಲ್ಲಿ ಸೋಸಿದ್ದು. ಅದು ಒಂದು ಚಿಕ್ಕ ತಗಡಿನ ಡಬ್ಬಿಯಲ್ಲಿ, ಡಬ್ಬಿ ಸದಾ ಅವಳ ಸೊಂಟದ ಚೀಲದಲ್ಲಿ.

ಜುಲೈ ತಿಂಗಳ ಒಂದು ತುಂತುರು ಮಳೆಯ ದಿನ ವಾಡಿಯಿಂದ ಸ್ಕೂಟಿಯಲ್ಲಿ ಬರುತ್ತಿದ್ದೆ. ನಮ್ಮ ಕಡೆಯ ರಸ್ತೆಗಳ ಮೇಲೆ ವರ್ಷವಿಡೀ ಸಿಮೆಂಟ್ ಲಾರಿಗಳ ಧೂಳು ಕೂತಿರುತ್ತದೆ. ಮೊದಲ ಹನಿಗಳಿಗೆ ಅದು ಎಣ್ಣೆ ಸುರಿದಂತೆ ಜಾರುತ್ತದೆ. ಸ್ಕೂಟಿ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಮೊಣಕಾಲಿನ ಕೆಳಗಿನ ಎಲುಬು ಮುರಿದು ಚರ್ಮ ಹರಿದು ಹೊರಗೆ ಇಣುಕಿತ್ತು. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಗೆ ಒಯ್ದರು. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ತಪ್ಪಾಯಿತು, ಅದನ್ನು ಹುಡುಕಿದವರೂ ಅಲ್ಲಿಯವರೇ. ಆಪರೇಷನ್ ಮಾಡಿ ಲೋಹದ ಪಟ್ಟಿ ಕೂಡಿಸಿದರು. ಐದು ದಿನ ಎಲ್ಲವೂ ಚೆನ್ನಾಗಿತ್ತು.

ಆರನೆಯ ದಿನ ಚಳಿಜ್ವರ. ಮಂಚ ಗಡಗಡ ಅಲ್ಲಾಡುವಂಥ ಚಳಿ. ಡ್ರೆಸಿಂಗ್ ಬಿಚ್ಚಿದರೆ ಬಟ್ಟೆಯ ಮೇಲೆ ಹಸಿರು ಕಲೆ, ಕೊಳೆತ ದ್ರಾಕ್ಷಿಯಂಥ ಸಿಹಿಸಿಹಿ ವಾಸನೆ. ಆ ವಾಸನೆ ನನ್ನದೇ ಮೈಯಿಂದ ಬರುತ್ತಿದೆ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸರ್ಜನ್ ಬಗ್ಗಿ ನೋಡಿ, ಬಟ್ಟೆಯ ಅಂಚಿನಿಂದ ಏನನ್ನೋ ಬೆರಳಿಗೆ ತೆಗೆದುಕೊಂಡು ಕೇಳಿದರು: “ಇದು ಯಾರು ಹಾಕಿದ್ದು?”

ಬೂದಿ ಮಿಶ್ರಿತ ಹಳದಿ ಪುಡಿ. ಎಲ್ಲರೂ ಆಯಿಯನ್ನು ನೋಡಿದೆವು.

ಎರಡು ದಿನದ ಹಿಂದೆ, ನಾನು ನಿದ್ದೆಯಲ್ಲಿದ್ದಾಗ, ಗಾಯದ ಬಟ್ಟೆಯ ತುದಿ ಎತ್ತಿ ಅವಳೇ ಒಂದು ಚಿಟಿಕೆ ಉದುರಿಸಿದ್ದಳು. ಬಚ್ಚಿಡಲೂ ಇಲ್ಲ. “ನಾನೇ ಹಾಕೀನ್ರಿ. ಲಗೂನ ಮಾಯಲಿ ಅಂತ” ಎಂದಳು. ಸರ್ಜನ್ ಏನೂ ಬೈಯಲಿಲ್ಲ. ‘ಮನೆಯಿಂದಲೇ ತಂದಿದ್ದಾರೆ’ ಎಂದು ಪಕ್ಕದ ಡಾಕ್ಟರಿಗೆ ಹೇಳಿ ಮುಂದಿನ ಮಂಚಕ್ಕೆ ಹೋದರು. ಬೈಯುವ ಕೆಲಸ ನಾನು ಮಾಡಿದೆ.

ಮೂರು ದಿನದ ಮೇಲೆ ಕೀವಿನ ವರದಿ ಬಂತು. ಎಡಗಡೆ ಔಷಧಗಳ ಹೆಸರು, ಬಲಗಡೆ ಒಂದರ ಕೆಳಗೊಂದು ‘ಆರ್’, ‘ಆರ್’, ‘ಆರ್’. ಆರ್ ಎಂದರೆ ಆ ಔಷಧಕ್ಕೆ ಈ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಎಂದು ಅರ್ಥ. ಪಟ್ಟಿಯ ತಳದಲ್ಲಿ ಒಂದೇ ಒಂದು ಔಷಧದ ಮುಂದೆ ಆ ಅಕ್ಷರ ಇರಲಿಲ್ಲ. ಅದು ಮೂತ್ರಪಿಂಡಕ್ಕೆ ಏಟು ಕೊಡಬಲ್ಲ ಔಷಧ, ಆದರೂ ಬೇರೆ ದಾರಿಯಿಲ್ಲ ಎಂದರು. ಆ ಸಂಜೆ ಕಾಲು ಎಂಬ ಪದವನ್ನು ಅಪ್ಪ ಮತ್ತು ಡಾಕ್ಟರು ಕಾರಿಡಾರಿನಲ್ಲಿ ಎಷ್ಟು ಮೆಲ್ಲಗೆ ಆಡಿದರೆಂದರೆ, ಅದೊಂದೇ ನನಗೆ ಸ್ಪಷ್ಟವಾಗಿ ಕೇಳಿಸಿತು.

ಭಯಕ್ಕೆ ಕಟ್ಟಿಹಾಕಲು ಒಂದು ಗೂಟ ಬೇಕು. ಆಯಿ ಕೈಗೆ ಸಿಕ್ಕಳು. ಅವಳು ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು. ನಾನು ಸ್ಪರ್ಧೆಯಲ್ಲಿ ಮಾತಾಡುವ ದನಿಯಲ್ಲೇ ಶುರುಮಾಡಿದೆ. ಪುಡಿ ಹಾಕುವ ಮುಂಚೆ ಗಾಯ ಚೆನ್ನಾಗಿತ್ತು. ಹಾಕಿದ ಮೇಲೆ ಕೀವಾಯಿತು. ನಡುವೆ ಬೇರೇನೂ ಬದಲಾಗಿಲ್ಲ. ವಾರ್ಡಿನವರೆಲ್ಲ ಕಿವಿಗೊಟ್ಟರು. ಕೇಳುವವರಿದ್ದರೆ ನನಗೆ ನಿಲ್ಲಿಸಲು ಬರುವುದಿಲ್ಲ.

“ಎಷ್ಟು ಕೂಸುಗಳ ಹೊಕ್ಕಳಿಗೆ ಇದನ್ನ ಹಚ್ಚಿದಿ ಆಯಿ?” ಎಂದೆ. “ಅವುಕ್ಕೆಲ್ಲ ಏನೇನಾಗ್ಯಾದೋ, ಯಾರರ ನೋಡ್ಯಾರೇನು?”

ಆಯಿ ಸುಲಿದ ಹಣ್ಣನ್ನು ತಟ್ಟೆಯಲ್ಲಿಟ್ಟಳು. ಎದ್ದುಹೋಗಿ ಮೂಲೆಯ ನಲ್ಲಿಯಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು. ಆಮೇಲೆ ನನ್ನ ಮಂಚದ ಹತ್ತಿರ ಬರಲಿಲ್ಲ. ಬಾಗಿಲ ಬಳಿ ಗೋಡೆಗೆ ಆತು ಕೂತಳು. ಮರುದಿನ ಅಪ್ಪನೊಂದಿಗೆ ಊರಿಗೆ ಹೋದಳು. ವಾದ ಗೆದ್ದೆ ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

ಪಕ್ಕದ ಮಂಚದಲ್ಲಿ ಸಾಬವ್ವ ಎಂಬ ಅರವತ್ತರ ಹೆಂಗಸು. ಕೋಡ್ಲಾ ಕಡೆಯವಳು. ಅವಳಿಗೂ ಕಾಲಿನ ಆಪರೇಷನ್, ಅವಳಿಗೂ ಅದೇ ವಾರ ಹಸಿರು ಕೀವು. ನೋಡಿಕೊಳ್ಳಲು ಸೊಸೆ ಅನಸೂಯಾ ಇದ್ದಳು, ಚಿಂಚೋಳಿ ಕಡೆಯ ಹುಡುಗಿ. ಅತ್ತೆಗೆ ರೊಟ್ಟಿ ಮುರಿದು ಕೊಡುವಾಗ ನನಗೂ ಒಂದು ಚೂರು, ಮೇಲೆ ಸೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ. ಔಷಧದಿಂದ ಬಾಯಿಗೆ ತುಕ್ಕಿನ ರುಚಿ ಹತ್ತಿದ್ದಾಗ ನನಗೆ ಇಳಿದ ಊಟ ಅದೊಂದೇ. ಸಾಬವ್ವನ ಮಗ ಮಲ್ಲಣ್ಣ ಲಾರಿಗೆ ಸಿಮೆಂಟ್ ತುಂಬುವ ಕೆಲಸ ಮುಗಿಸಿ ವಾರಕ್ಕೆರಡು ಸಲ ಬರುತ್ತಿದ್ದ. ಒಂದು ದಿನ ಬಂದವನು ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಮುಟ್ಟಾಗಿದ್ದಾಗಲೂ ಅತ್ತೆಯ ಗಾಯದ ಬಟ್ಟೆ ಸರಿಮಾಡಿದ್ದಳಂತೆ, ಅದಕ್ಕೇ ಕೀವಾಯಿತಂತೆ. ಊರಲ್ಲಿ ಯಾರೋ ಹಿರಿಯರು ಹೇಳಿದ್ದರು.

ನಾನು ಮಲಗಿದಲ್ಲಿಂದಲೇ ಅವನನ್ನು ತರಾಟೆಗೆ ತೆಗೆದುಕೊಂಡೆ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಗಂಟು ಹಾಕುತ್ತೀಯಲ್ಲ ಎಂದೆ. ಒಂದಾದ ಮೇಲೆ ಇನ್ನೊಂದು ಆಯಿತು ಎಂದ ಮಾತ್ರಕ್ಕೆ ಅದರಿಂದಲೇ ಆಯಿತು ಎನ್ನಲಾಗುವುದಿಲ್ಲ ಎಂದು, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವನು, “ನಿಮ್ಮ ಆಯಿಗಿ ಅವತ್ತ ನೀವು ಏನಂದ್ರಿ ಅಕ್ಕೋರ?” ಎಂದ. ಅದು ಬೇರೆ ಇದು ಬೇರೆ ಎಂದು ಗೋಡೆ ಕಡೆ ಹೊರಳಿದೆ. ಎರಡು ದಿನಗಳಲ್ಲಿ ಅನಸೂಯಾಳನ್ನು ತವರಿಗೆ ಕಳಿಸಿದರು. ಸಾಬವ್ವ ತಡೆಯಲಿಲ್ಲ. ಹೋಗುವಾಗ ಅವಳು ಹಿಂಡಿಯ ಡಬ್ಬಿ ನನ್ನ ದಿಂಬಿನ ಬದಿಗಿಟ್ಟು ಹೋದಳು.

ಆ ಹೊತ್ತಿಗೆ ವಾರ್ಡಿಗೆ ಫರ್ಹೀನ್ ಮೇಡಂ ಬರತೊಡಗಿದ್ದರು. ಪ್ರಯೋಗಾಲಯದಲ್ಲಿ ಪಿಜಿ ಮಾಡುತ್ತಿದ್ದ ನನ್ನ ವಯಸ್ಸಿನ ಡಾಕ್ಟರು. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳ ಗುಣಸೂತ್ರ ಹೋಲಿಸಿ, ಯಾವುದು ಯಾವುದರ ಮನೆತನದ್ದು ಎಂದು ಹುಡುಕುವುದು ಅವರ ಪ್ರಬಂಧದ ವಿಷಯ. ನನ್ನ ಮಾದರಿಯನ್ನೂ ಸೇರಿಸಿಕೊಳ್ಳಲು ಸಹಿ ಕೇಳಿದರು. ಸಹಿ ಹಾಕುತ್ತ, ನನ್ನದು ಎಲ್ಲಿಂದ ಬಂತೆಂದು ಹುಡುಕುವ ತ್ರಾಸು ಬೇಡ, ನಮ್ಮ ಆಯಿಯ ಪುಡಿ ಡಬ್ಬಿಯಿಂದ ಬಂದದ್ದು ಎಂದೆ.

“ಸಬೂತು ಎಲ್ಲಿ ಅದರಿ?” ಎಂದರು ಮೇಡಂ.

ಸಾಕ್ಷಿ ಎಲ್ಲಿ ಎಂದು ಹನ್ನೆರಡು ವರ್ಷ ನಾನು ಎದುರಾಳಿಗಳಿಗೆ ಕೇಳುತ್ತ ಬಂದ ಪ್ರಶ್ನೆ. ನನಗೆ ಮೈ ಉರಿದುಹೋಯಿತು. ಡಬ್ಬಿ ತರಿಸುತ್ತೇನೆ, ಪರೀಕ್ಷೆ ಮಾಡಿ ಎಂದೆ. ಡಬ್ಬಿ ಸಾಲದು, ಹಚ್ಚಿದ ಕೈಯ ಮಾದರಿಯೂ ಬೇಕು ಎಂದರು. ಸರಿ, ಪೂರ್ತಿ ಸಾಬೀತಾಗಲಿ ಎಂದು ಮನೆಗೆ ಫೋನ್ ಮಾಡಿದೆ. ಯಾರನ್ನೋ ಬಿಡಿಸಲು ನಾನು ಈ ಪರೀಕ್ಷೆ ಮಾಡಿಸಿದೆ ಎಂದು ಈಗ ಹಲವರು ಹೊಗಳುತ್ತಾರೆ. ಅದು ಸುಳ್ಳು. ನಾನು ಮಾಡಿಸಿದ್ದು ಆಯಿಯನ್ನು ಸಿಕ್ಕಿಸಲಿಕ್ಕೆ.

ಆಯಿ ತಾನೇ ಬಂದಳು. ಲ್ಯಾಬಿನ ಬಾಗಿಲಲ್ಲಿ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳೆಂದು ಅವ್ವ ಆಮೇಲೆ ಹೇಳಿದಳು. ಸೋಪು ಹಾಕಿ ತಿಕ್ಕಿ ತಿಕ್ಕಿ ಬೆರಳ ಸಂದಿಯೆಲ್ಲ ಸೀಳಿತ್ತಂತೆ. ಈ ಕೈಗೆ ಯಾಕೆ ಇಷ್ಟು ಸೋಪು ಹಾಕುತ್ತೀರಿ ಎಂದು ಮೇಡಂ ಕೇಳಿದ್ದಕ್ಕೆ ಆಯಿ ಕೈಗಳನ್ನು ಇನ್ನಷ್ಟು ಮುಂದೆ ಚಾಚಿದಳಂತೆ. ನನ್ನನ್ನು ನೋಡಲು ವಾರ್ಡಿನ ಒಳಗೆ ಬರಲಿಲ್ಲ.

ನನ್ನ ಕಾಲನ್ನು ಎರಡು ಸಲ ತೆರೆದು ತೊಳೆದರು. ಒಳಗಿನ ಲೋಹದ ಪಟ್ಟಿ ತೆಗೆದು ಹೊರಗಿನಿಂದ ಸರಳು ಹಾಕಿದರು. ಆರು ವಾರ ನರದಲ್ಲಿ ಔಷಧ, ದಿನ ಬಿಟ್ಟು ದಿನ ರಕ್ತಪರೀಕ್ಷೆ. ಸೂಜಿಗೆ ಜಾಗ ಸಿಗದಿದ್ದಾಗ ಒಬ್ಬ ಸಿಸ್ಟರ್ ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ, ನರ ಮೇಲೆದ್ದ ಮೇಲೆಯೇ ಚುಚ್ಚುತ್ತಿದ್ದರು. ಇಡೀ ದಿನದಲ್ಲಿ ನಾನು ಕಾಯುತ್ತಿದ್ದದ್ದು ಆ ಎರಡು ನಿಮಿಷಗಳಿಗೆ. ನಾಲ್ಕನೆಯ ವಾರ ಜ್ವರ ಬಿಟ್ಟಿತು. ಹಸಿರು ಕಲೆ ತೆಳುವಾಗಿ, ಒಂದು ದಿನ ಬಟ್ಟೆ ಬೆಳ್ಳಗೇ ಬಂತು. ಡ್ರೆಸಿಂಗ್ ಮಾಡುತ್ತಿದ್ದ ಅಣ್ಣ ಅದನ್ನು ಎತ್ತಿ ವಾರ್ಡಿಗೆಲ್ಲ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಟ್ರೋಫಿಗೂ ನಾನು ಹಾಗೆ ಅತ್ತಿರಲಿಲ್ಲ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಕಥೆ. ಅಕ್ಕ ಹೆರಿಗೆಗೆ ಬಂದಿದ್ದಳು, ಹೆಣ್ಣು ಕೂಸಾಗಿ ಹದಿನೈದು ದಿನವಾಗಿತ್ತು. ಆಯಿ ಆ ಕೂಸನ್ನು ಒಂದು ಸಲವೂ ಮುಟ್ಟಿರಲಿಲ್ಲ. ಅವ್ವ ಬಗ್ಗಿ ಬಗ್ಗಿ ಎರೆಯುತ್ತಿದ್ದಳು, ಕೂಸು ಕಿರುಚುತ್ತಿತ್ತು, ಆಯಿ ಹಿತ್ತಲಲ್ಲಿ ಬೆನ್ನು ಮಾಡಿ ಕೂತಿರುತ್ತಿದ್ದಳು. ವಾರ್ಡಿನ ನನ್ನ ಭಾಷಣ ಓಣಿಗೂ ಮುಟ್ಟಿತ್ತು. ಇಬ್ಬರು ಬಾಣಂತಿಯರ ಮನೆಯವರು ಬೇರೆಯವರನ್ನು ಕರೆಸಿಕೊಂಡಿದ್ದರು. ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ. “ಮೊಮ್ಮಗಳು ಕಲತಾಕಿ. ಆಕಿ ಸುಳ್ಳ್ಯಾಕ ಹೇಳ್ತಾಳ?” ಎಂದಿದ್ದಳಂತೆ. ಎಲ್ಲ ವಾದಗಳಿಗೂ ಎದುರು ವಾದ ಹೂಡುತ್ತಿದ್ದ ಆಯಿ ಇದೊಂದನ್ನು ಮಾತ್ರ ನಂಬಿಬಿಟ್ಟಿದ್ದಳು.

ಗುರುವಾರ ಎಲುಬಿನ ಡಾಕ್ಟರ ಹತ್ತಿರ ತೋರಿಸಲು ಹೋದಾಗ ಫರ್ಹೀನ್ ಮೇಡಂ ಲ್ಯಾಬಿಗೆ ಕರೆದರು. ಕಂಪ್ಯೂಟರಿನಲ್ಲಿ ಒಂದು ಕಪ್ಪು ಚಿತ್ರ. ಅದರಲ್ಲಿ ಮೇಲಿಂದ ಕೆಳಗೆ ಸಾಲು ಸಾಲಾಗಿ ಬಿಳಿ ಗೆರೆಗಳು. ಒಂದೊಂದು ಸಾಲು ಒಂದೊಂದು ಮಾದರಿ. ಹೆಸರಿಲ್ಲ, ನಂಬರು ಮಾತ್ರ. ನನ್ನ ಸಾಲು ತೋರಿಸಿದರು. ಅದರ ಪಕ್ಕ ಇನ್ನೆರಡು ಸಾಲು, ನಮ್ಮ ವಾರ್ಡಿನ ಬೇರೆ ಇಬ್ಬರದು. ಗೆರೆಗೆ ಗೆರೆ ಕೂಡಿತ್ತು. ನಾಲ್ಕನೆಯದೂ ಅದೇ.

ನಾಲ್ಕನೆಯದು ಆಯಿಯ ಕೈಯದ್ದೇ ಎಂದೆ.

ಅಲ್ಲ, ಡ್ರೆಸಿಂಗ್ ಗಾಡಿಯ ಮೇಲಿನ ಸಲೈನ್ ಬಾಟಲಿಯದು ಎಂದರು. ಆಗ ನನ್ನ ಕಣ್ಣಿಗೆ ಕಟ್ಟಿತು: ದೊಡ್ಡ ಬಾಟಲಿ, ಅದರ ಬಾಯಿಗೆ ಚುಚ್ಚಿಯೇ ಬಿಟ್ಟ ಸೂಜಿ, ಅದರಿಂದಲೇ ಮಂಚದಿಂದ ಮಂಚಕ್ಕೆ ಎಲ್ಲರ ಗಾಯ ತೊಳೆಯುವುದು. ಬೆಳಿಗ್ಗೆ ಉಳಿದದ್ದನ್ನು ಸಂಜೆಗೂ ಬಳಸುತ್ತಿದ್ದರು. ನಾನು ದಿನವೂ ನೋಡಿದ್ದೆ. ನನ್ನ ವಾದದಲ್ಲಿ ಅದು ‘ಬೇರೇನೂ ಬದಲಾಗಿಲ್ಲ’ ಎಂಬ ಸಾಲಿನೊಳಗೆ ಹೋಗಿತ್ತು. ಮೇಡಂ ತೋರಿಸಿದ ಮೇಲೆ ಆಸ್ಪತ್ರೆಯವರು ತಕರಾರಿಲ್ಲದೆ ಆ ಪದ್ಧತಿ ನಿಲ್ಲಿಸಿದರು. ಈಗ ಒಬ್ಬರಿಗೆ ಒಂದು ಚಿಕ್ಕ ಬಾಟಲಿ.

ಪುಡಿ ಮತ್ತು ಕೈಯ ಸಾಲುಗಳ ಬಗ್ಗೆ ಕೇಳಿದೆ. ಕೈಯಲ್ಲಿ ಈ ಬ್ಯಾಕ್ಟೀರಿಯಾ ಸಿಗಲೇ ಇಲ್ಲ. ಪುಡಿಯಲ್ಲಿ ಮಣ್ಣಿನ ಬೇರೆ ಜಾತಿಯವು ಇದ್ದವು, ನನ್ನದಕ್ಕೂ ಅವಕ್ಕೂ ಯಾವ ಸಂಬಂಧವೂ ಇಲ್ಲ. “ಹಂಗಂತ ಪುಡಿ ಚಲೋ ಅಂತ ಅಲ್ರಿ. ಗಾಯಕ್ಕೂ ಹೊಕ್ಕಳಕ್ಕೂ ಅದು ಬ್ಯಾಡ. ಆದ್ರ ಈ ತಪ್ಪು ಅವರದಲ್ಲ” ಎಂದರು ಮೇಡಂ. ಉಳಿದಿಬ್ಬರಲ್ಲಿ ಒಬ್ಬರು ಸಾಬವ್ವನಾ ಎಂದೆ. ಅವರ ಕಾಗದ ಅವರೇ ಬಂದು ಕೇಳಬೇಕು ಎಂದಷ್ಟೇ ಹೇಳಿದರು.

ಮನೆಗೆ ಬಂದು ಹಿತ್ತಲಲ್ಲಿ ಆಯಿಯ ಮುಂದೆ ವಾಕರ್ ಊರಿ ನಿಂತು ಹೇಳಿದೆ. ಗೆರೆಯ ಮಾತು ಅವಳ ತಲೆಗೆ ಹತ್ತಲಿಲ್ಲ. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕೆಲಸದವನು, ಅವನೇ ಬಿಡಿಸಿದ: “ಕಲ್ಲಿನ ಪದರು ನೋಡಿ ಇದು ಯಾವ ಖಣಿದು ಅಂತ ಹೇಳ್ತೀವಲ್ಲವ್ವ, ಹಂಗ. ಆಕಿ ಕಾಲಿಂದು ನಮ್ಮ ಖಣಿ ಕಲ್ಲಲ್ಲ.”

ನಾನು ತಪ್ಪಾಯಿತು ಎಂದೆ. ಪುಡಿ ಇನ್ನು ಬೇಡವಂತೆ ಎಂದೂ ಹೇಳಿದೆ. ಆಯಿ, “ಡಾಕ್ಟರಬಾಯಿ ಬ್ಯಾಡಂದ್ರ ಬಿಟ್ಟೆ. ಎರಿಯೋದಕ್ಕ ಏನರ ಬ್ಯಾಡಂದಳೇನು?” ಎಂದು ಕೇಳಿದಳು. ಇಲ್ಲ ಎಂದೆ. ಎದ್ದಳು, ಸೀರೆ ಮೇಲೆ ಕಟ್ಟಿದಳು, ಒಲೆಗೆ ನೀರಿಟ್ಟಳು. ಅವತ್ತು ಕೂಸು ಹುಟ್ಟಿದ ಮೇಲೆ ಮೊದಲ ಸಲ ಸ್ನಾನದಲ್ಲಿ ನಿದ್ದೆ ಮಾಡಿತು. ಅಕ್ಕ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಮಾತ್ರ ಓಣಿಯ ಮನೆಮನೆಗೂ ಕುಂಟಿಕೊಂಡು ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಿ ಬಂದೆ. ವಾರದೊಳಗೆ ಆಯಿಗೆ ಎರಡು ಕಡೆಯಿಂದ ಕರೆ ಬಂತು.

ಆಮೇಲೆ ಆಯಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಆ ರೊಟ್ಟಿ ಕೊಡುತ್ತಿದ್ದ ಹುಡುಗಿಗೆ ಯಾರಾದರೂ ಹೇಳಿದ್ದಾರಾ ಎಂದಳು.

ಮುಂದಿನ ಗುರುವಾರ ಅವಳೂ ನನ್ನೊಂದಿಗೆ ಹೊರಟಳು. ಹೊರರೋಗಿಗಳ ಬೆಂಚಿನ ಮೇಲೆ ಸಾಬವ್ವ ಮತ್ತು ಮಲ್ಲಣ್ಣ ಸಿಕ್ಕರು. ಚೀಟಿ ಕೂಗುವವರೆಗೆ ಎರಡು ತಾಸು. ಮೊದಲು ಅವರಿಂದಲೇ ಕೇಳಿಸಿ ಅವರ ಕಾಗದ ತರಿಸಿದೆ. ಮೇಡಂ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿ ಕೊಟ್ಟರು. ಸಾಬವ್ವನದೂ ಬಾಟಲಿಯದೂ ಒಂದೇ. ನಾನು ಮಲ್ಲಣ್ಣನಿಗೆ ಬಿಡಿಸಿ ಹೇಳಿದೆ, ಆಯಿಗೆ ನಾನು ಮಾಡಿದ್ದನ್ನೂ ಸೇರಿಸಿ ಹೇಳಿದೆ. ಅವನು ತಲೆ ತಗ್ಗಿಸಿದ, ಆದರೆ ಬಿಡಲಿಲ್ಲ. ಮಷೀನಿಗೆ ಮೈಲಿಗೆ ಹೆಂಗ ಕಾಣತದ, ಅದು ಬೇರೆ ದೋಷ ಎಂದ. ಈ ವಾದಕ್ಕೆ ಸಾಕ್ಷಿಯೇ ಬೇಕಾಗಿಲ್ಲವಾದ್ದರಿಂದ ನನಗೆ ಅದನ್ನು ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ.

ಆಯಿ ಸಾಬವ್ವನ ಕಡೆ ತಿರುಗಿದಳು. “ನಾ ಐವತ್ತು ವರ್ಷ ಬಾಣಂತೇರಿಗಿ ಎರದೀನಿ ತಂಗಿ. ಹಸಿ ಮೈಯಾಗಿನ ರಗತ ಈ ಕೈಲೇ ತೊಳದೀನಿ. ಮೈಲಿಗಿ ಹತ್ತೂದೇ ಖರೇ ಇದ್ರ ಮೊದಲು ನಾ ಸಾಯಬೇಕಿತ್ತು. ಆಮ್ಯಾಲ ನಾ ಎರದ ಕೂಸುಗಳು. ಒಂದರ ಸತ್ತಿಲ್ಲ, ಬೇಕಂದ್ರ ಶಹಾಬಾದಕ ಬಂದು ಕೇಳು.”

ಸಾಬವ್ವ ಮಗನ ಕಡೆ ತಿರುಗಿ, ಅನಸೂಯಾಗೆ ಫೋನ್ ಹಚ್ಚು ಎಂದಳು.

ಅನಸೂಯಾ ಎಲ್ಲವನ್ನೂ ಕೇಳಿಸಿಕೊಂಡಳು. ಬಾ ಎಂದಾಗ ಬರುವುದಿಲ್ಲ ಎಂದಳು. “ಕಾಗದ ತಗೊಂಡು ನೀವೇ ಬರ್ರಿ ಅತ್ತಿ. ನಮ್ಮೂರಾಗ ಎಲ್ಲರೂ ಕೇಳ್ಯಾರ, ಯಾಕ ಬಂದಿ ಅಂತ. ಅವರ ಮುಂದ ಓದ್ರಿ.”

ನಾನು ಮನಸ್ಸಿನಲ್ಲೇ ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಭಾನುವಾರ ಒಂದು ಜೀಪಿನಲ್ಲಿ ಹೋದೆವು. ಸಾಬವ್ವ, ಮಲ್ಲಣ್ಣ, ಆಯಿ, ನಾನು. ಸೇಡಂ ದಾಟಿದ ಮೇಲೆ ದಾರಿಯುದ್ದಕ್ಕೂ ನಾನು ಮೂರು ಅಂಶಗಳ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಚಿಂಚೋಳಿ ದಾಟಿ ಆ ಹಳ್ಳಿಯಲ್ಲಿ ಜೀಪು ನಿಂತಾಗ ಅನಸೂಯಾಳ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಕೂತಿದ್ದರು. ಅವಳೇ ಕರೆಸಿದ್ದಳು. ಅವಳ ಅಣ್ಣಂದಿರು ತೆಲುಗು ಬೆರೆತ ಕನ್ನಡದಲ್ಲಿ ಕುಂದ್ರಿ ಎಂದರು, ಮುಖ ಮಾತ್ರ ಗಂಟಾಗಿತ್ತು. ನಾನು ಕಾಗದ ಬಿಚ್ಚಿ ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಸಾಬವ್ವ ಕೋಲೂರಿ ಅಂಗಳದ ನಡುವೆ ಹೋಗಿ ನಿಂತಳು. “ನನ್ನ ಕಾಲಿಗಿ ಹತ್ತಿದ್ದು ಈಕಿಯಿಂದ ಅಲ್ಲ. ಆಸ್ಪತ್ರಿ ಬಾಟ್ಲಿಯಿಂದ. ನನ್ನ ಮಗ ಈಕಿಗಿ ಅಂದದ್ದು, ನಾನು ತಡೀದೇ ಇದ್ದದ್ದು, ಎರಡೂ ತಪ್ಪು” ಎಂದಳು. ಮಲ್ಲಣ್ಣ ಹೌದೆಂದು ತಲೆಯಾಡಿಸಿದ. ಜನ ಅನಸೂಯಾಳ ಕಡೆ ನೋಡಿದರು.

ಅವಳು ನನ್ನ ಹತ್ತಿರ ಬಂದು ಕೈ ಚಾಚಿದಳು. ಕಾಗದ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ತನ್ನ ಅತ್ತೆಯ ಹೆಸರು, ವಯಸ್ಸು, ವಾರ್ಡಿನ ನಂಬರು, ಜಗ್ಗದ ಔಷಧಗಳು ಒಂದೊಂದಾಗಿ, ತಡವರಿಸಿದಲ್ಲಿ ಮತ್ತೆ ಹಿಂದಿನಿಂದ. ಯಾರೂ ಏಳಲಿಲ್ಲ. ಕೆಳಗಿನ ಕನ್ನಡದ ನಾಲ್ಕು ಸಾಲಿಗೆ ಬಂದಾಗ ದನಿ ಇನ್ನೂ ಏರಿಸಿದಳು. ಕೊನೆಗೆ ಡಾಕ್ಟರ ಸಹಿಯನ್ನೂ ಬಿಡದೆ ಓದಿ ಮುಗಿಸಿ, ಅಂಗಳದಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ, ಯಾರಿಗಾದರೂ ಇನ್ನೊಮ್ಮೆ ಓದಬೇಕೇನು ಎಂದು ಕೇಳಿದಳು.